ಕೊಂಬು ಕಳೆದ ತಿದ್ ಮರ

ಮಿಯಾಝ್ಯ 9, ಸೋಮವಾರ

ವುಬಿತ್ ಇವತ್ತು ಬೆಳಿಗ್ಗೆ ತಾಯಿಯ ಮನೆಗೆ ಹೋದಳು. ಜಗಳವಾಡಿ ಹೋಗಲಿಲ್ಲ. ಒಲೆಯ ಬೂದಿ ತೆಗೆದು, ಇಂಜೆರಾ ರೊಟ್ಟಿಯ ಬುಟ್ಟಿಗೆ ಮುಚ್ಚಳ ಹಾಕಿ, ಹೆಗಲಿಗೆ ಬಿಳಿ ವಸ್ತ್ರ ಹೊದ್ದು ಹೊರಟಳು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಬುಟ್ಟೀಲಿ ಆರು ಇಂಜೆರಾ ಇದೆ. ಅದು ಮುಗಿಯೋದ್ರೊಳಗೆ ಯೋಚನೆ ಮಾಡಿ."

ಆರು ಇಂಜೆರಾ ನನಗೆ ಎರಡು ದಿನಕ್ಕೆ. ಎರಡು ದಿನ ಕೂತು ಯೋಚಿಸುವಂಥದ್ದು ಏನಿದೆ? ತಪ್ಪು ನನ್ನದಲ್ಲ. ನಾಳೆ ಯಾರಾದರೂ ಕೇಳಿದರೆ ದಾಖಲೆ ಇರಲಿ ಎಂದು ಬರೆದಿಡುತ್ತಿದ್ದೇನೆ. ಕಚೇರಿಯ ಹಳೆಯ ರಿಜಿಸ್ಟರಿನ ಹಿಂಬದಿಯ ಹಾಳೆಗಳು ಖಾಲಿ ಇದ್ದವು.

ನಡೆದದ್ದು ಹೀಗೆ. ನಿನ್ನೆ ಫಾಸಿಕಾ ಹಬ್ಬ. ಎರಡು ತಿಂಗಳ ಉಪವಾಸ ಮುಗಿದು ಮನೆಯಲ್ಲಿ ಕೋಳಿಸಾರು. ಅಕ್ಕ ಫೆಂತಾಯೆ ಮಕ್ಕಳುಮರಿಗಳೊಂದಿಗೆ ಬಂದಿದ್ದಳು. ಊಟದ ನಡುವೆ ಸಾರಿನಿಂದ ಒಂದು ಮೊಟ್ಟೆ ಎತ್ತಿ ಹಿಡಿದು, "ಈ ಮನೇಲಿ ಕೋಳಿಗಾದ್ರೂ ತನ್ನ ಕೆಲಸ ಏನೂಂತ ಗೊತ್ತಿದೆಯಲ್ಲ" ಎಂದಳು. ಎಲ್ಲರೂ ನಕ್ಕರು. ವುಬಿತ್ ನನ್ನ ಮುಖ ನೋಡಿದಳು. ನಾನು ಇನ್ನೊಂದು ಇಂಜೆರಾ ಕೇಳಿದೆ.

ನಾನೇನು ಹೇಳಬೇಕಿತ್ತು? ಮದುವೆಯಾಗಿ ಒಂಬತ್ತು ವರ್ಷವಾಯಿತು, ಮಕ್ಕಳಾಗಿಲ್ಲ. ಅಕ್ಕ ಸುಳ್ಳು ಹೇಳಲಿಲ್ಲವಲ್ಲ. ವುಬಿತ್ ಮೂರು ವರ್ಷದಿಂದ ಪೇಟೆಯ ಆರೋಗ್ಯ ಕೇಂದ್ರಕ್ಕೆ ಅಲೆಯುತ್ತಿದ್ದಾಳೆ. "ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬಾ" ಎಂದು ನರ್ಸಮ್ಮ ಪ್ರತಿ ಸಲ ಹೇಳುತ್ತಾಳಂತೆ. ನನಗೆ ಕಚೇರಿಯಲ್ಲಿ ಕೆಲಸವಿರುತ್ತದೆ.

ಮಿಯಾಝ್ಯ 13, ಶುಕ್ರವಾರ

ಇಂಜೆರಾ ಮುಗಿದು ಎರಡು ದಿನವಾಯಿತು. ನಾನೇ ಕಡಲೆಹಿಟ್ಟಿನ ಸಾರು ಮಾಡಿದೆ. ತಳ ಹಿಡಿಯಿತು. ಮಡಕೆಯದೇ ದೋಷವಿರಬೇಕು.

ಇವತ್ತು ಊರಾಡಳಿತದ ಕೆಬೆಲೆ ಕಚೇರಿಯ ಅಂಗಳದಲ್ಲಿ ಊರ ಸಭೆ. ನೆಲದಿಂದ ಉಕ್ಕುವ ನಮ್ಮ ಊಟೆಯ ನೀರು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದೆ, ನೀರು ಕುಡಿಯುವ ಪರದೇಶದ ಮರಗಳನ್ನೆಲ್ಲ ಅದರ ಸುತ್ತಿನಿಂದ ಕಡಿಯಬೇಕು ಎಂದು ಊರವರೇ ಮಾಡಿಕೊಂಡ ತೀರ್ಮಾನ. ನೀಲಗಿರಿ ಹೋಗಬೇಕು, ಫೆರೆಂಜ್ ತಿದ್, ಅಂದರೆ ಪರದೇಶದ ಜಾತಿಯ ತಿದ್, ಹೋಗಬೇಕು. ನೋಡಲು ಹಾಗೇ ಇರುವ ನಮ್ಮ ನಾಡ ತಿದ್ ಮಾತ್ರ ಮುಟ್ಟುವಂತಿಲ್ಲ, ಮುಟ್ಟಿದರೆ ದಂಡ. ಕಡಿಯಬೇಕಾದ ಇಪ್ಪತ್ತಮೂರು ಮರಗಳ ಪಟ್ಟಿಯನ್ನು ಅಧ್ಯಕ್ಷ ಸಿಸಾಯ್ ಓದಿ ಹೇಳಿದರು. ಪಟ್ಟಿ ನನ್ನ ಕೈಬರಹ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಹನ್ನೊಂದು ವರ್ಷದ ಗುಮಾಸ್ತಗಿರಿಯಲ್ಲಿ ನಾನು ಅಕ್ಷರ ಕಾಟು ಹಾಕಿದವನಲ್ಲ.

ಹದಿನೇಳನೆಯದನ್ನು ಓದುವಾಗ ಗುಸುಗುಸು ಎದ್ದಿತು. ಊಟೆಯ ದಾರಿಯ ದೊಡ್ಡ ತಿದ್. ಅದರ ಬುಡದಲ್ಲಿ ಕಾಫಿ ಮಾರುವವರು ನನ್ನ ಅತ್ತೆ ತಾಂಗುತ್. ಎಲ್ಲರೂ ನನ್ನ ಕಡೆ ತಿರುಗಿದರು. ಹೆಂಡತಿ ಹೋದ ಸಿಟ್ಟಿಗೆ ಬರೆದೆ ಎಂದುಕೊಂಡಿರಬೇಕು. ಪಟ್ಟಿ ಬರೆದದ್ದು ಹಿಂದಿನ ತಿಂಗಳು, ಮೆಗಾಬಿತ್‌ನಲ್ಲಿ, ವುಬಿತ್ ಹೋದದ್ದು ಮಿಯಾಝ್ಯದಲ್ಲಿ. ತಾರೀಖು ನೋಡುವ ಬುದ್ಧಿ ಈ ಊರಿನಲ್ಲಿ ಯಾರಿಗಿದೆ?

ಮರದಿಂದ ಮರಕ್ಕೆ ಅಲೆದು ಬರೆಯುವುದು ಮೂರ್ಖರ ಕೆಲಸ. ನನ್ನ ಗುರು, ಚರ್ಚಿನ ಪಂಡಿತರಾದ ಮೆರಿಗೇತಾ ಹಿರುಯ್ ಮೂವತ್ತು ವರ್ಷದ ಹಿಂದೆ ಊರ ಗಡಿಗುರುತುಗಳನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ತೆರೆದು, ಫೆರೆಂಜ್ ತಿದ್ ಎಂದು ಇರುವುದನ್ನೆಲ್ಲ ಕುರ್ಚಿಯಿಂದ ಏಳದೆ ಎತ್ತಿ ಬರೆದೆ. ಹದಿನೇಳನೆಯದರಲ್ಲಿ ಫೆರೆಂಜ್ ಎಂಬುದರ ಕೊನೆಯ ಅಕ್ಷರದ ಪಕ್ಕ ನೊಣದ ಹಿಕ್ಕೆ ಬಿದ್ದಿತ್ತು. ನಾನು ಅದನ್ನು ಬಿಟ್ಟು ಅಕ್ಷರ ಶುದ್ಧ ಮಾಡಿ ಬರೆದೆ.

ಮುಂದಿನ ತಿಂಗಳು, ಗಿನ್ಬೋತ್ 15ರಿಂದ ಕೊಡಲಿ ಕೆಲಸ ಶುರು.

ಮಿಯಾಝ್ಯ 15, ಭಾನುವಾರ

ಚರ್ಚಿನಿಂದ ಬರುವಾಗ ಅತ್ತೆಯ ಕಾಫಿ ಜಾಗಕ್ಕೆ ಹೋದೆ. ಹೆಂಡತಿಯನ್ನು ಕರೆಯಲು ಹೋದದ್ದಲ್ಲ. ದಾರಿ ಆ ಕಡೆಗೇ ಇತ್ತು.

"ಬನ್ನಿ ಅಳಿಯಂದ್ರೇ, ಕೂತ್ಕೊಳಿ. ಮರ ಇರೋವರೆಗೂ ನೆರಳಿದೆ" ಎಂದರು ಅತ್ತೆ. ಹುಲ್ಲು ಹರಡಿದ ನೆಲ, ಲೋಬಾನದ ಧೂಪ, ಎಂಟು ಹತ್ತು ಗಿರಾಕಿಗಳು. ಎಲ್ಲರೂ ಅಬೋಲ್ ಕುಡಿಯುತ್ತಿದ್ದರು, ಮೊದಲ ಸುತ್ತಿನ ಗಟ್ಟಿ ಕಾಫಿ. ನನಗೆ ಅದನ್ನು ಕೊಡಲಿಲ್ಲ. ಎರಡನೆಯ ಸುತ್ತೂ ಕೊಡಲಿಲ್ಲ. ಅದೇ ಪುಡಿಗೆ ಮೂರನೆಯ ಸಲ ನೀರು ಹಾಕಿ ಕುದಿಸಿದ ಬೆರೆಕಾ ಬಂದಾಗ ಲೋಟ ಮುಂದಿಟ್ಟರು. ಪಾತ್ರೆ ತೊಳೆದ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಅತ್ತೆ, ಪಟ್ಟಿ ನನ್ನ ಇಷ್ಟದ್ದಲ್ಲ. ಪುಸ್ತಕದಲ್ಲಿ ಫೆರೆಂಜ್ ತಿದ್ ಅಂತ ಇದೆ."

"ಫೆರೆಂಜು ತಿದ್" ಎಂದರು ಅತ್ತೆ.

ಮುಂದಿನ ಹಲ್ಲು ಎರಡು ಹೋಗಿವೆ, ಮಾತು ಜಾರುತ್ತದೆ. ನಾನು ನಿಧಾನವಾಗಿ ಹೇಳಿಕೊಟ್ಟೆ: "ಫೆರೆಂಜ್."

"ನಮ್ಮಜ್ಜಿ ಕಾಲದಲ್ಲಿ ಒಬ್ಬ ಪರದೇಶದೋನು ಇಲ್ಲಿಗೆ ಬಂದಿದ್ದ ಅಳಿಯಂದ್ರೇ. ಕಂಬಿ ನೆಟ್ಟು ದಾರಿ ಅಳೀತಿದ್ದ."

"ಅದನ್ನೇ ನಾನೂ ಹೇಳ್ತಿರೋದು. ಪರದೇಶದೋನು ತಂದದ್ದು ಪರದೇಶದ ಮರ."

"ಅವನು ತಂದ ಅಂತ ನಾನು ಎಲ್ಲಿ ಹೇಳಿದೆ?"

ಅಷ್ಟರಲ್ಲಿ ವುಬಿತ್ ನೀರಿನ ಕೊಡ ಹೊತ್ತು ಬಂದಳು. ನನ್ನನ್ನು ನೋಡಿ ಅಮ್ಮನಿಗೆ, "ಯಾಕಮ್ಮಾ ಅವರ ಹತ್ರ ವಾದ ಮಾಡ್ತೀಯ? ಗುಮಾಸ್ತರಿಗೆ ಕೊಂಬು ಬಂದಿದೆ, ತಿವಿದುಬಿಟ್ಟಾರು" ಎಂದು ಒಲೆಯ ಕಡೆ ಹೋದಳು. ಗಿರಾಕಿಗಳು ಲೋಟದೊಳಗೆ ಮುಖ ಹಾಕಿ ನಕ್ಕರು. ನಾನು ಎದ್ದು ಬಂದೆ.

ಮಿಯಾಝ್ಯ 19, ಗುರುವಾರ

ವುಬಿತ್ ಕಚೇರಿಗೇ ಬಂದಳು. ಬೆಂಚಿನ ಮೇಲೆ ಅರ್ಜಿದಾರರ ಹಾಗೆ ಕೂತಳು.

"ಹದಿನೇಳನೇದು ಹೊಡೆದುಹಾಕಿ."

"ರಿಜಿಸ್ಟರು ಕಪ್ಪುಹಲಗೆ ಅಲ್ಲ ವುಬಿತ್, ಒರೆಸಿಬಿಡೋಕೆ."

"ಹಾಗಾದ್ರೆ ಕೇಳಿಸ್ಕೊಳಿ. ಅಮ್ಮ ಮೂವತ್ತು ವರ್ಷ ಆ ನೆರಳಲ್ಲಿ ಒಲೆ ಉರಿಸಿ ನನ್ನ ಸಾಕಿದ್ಲು. ಆ ಮರ ಹೋದ್ರೆ ಅವಳ ಜೊತೆ ನಾನೇ ನೆರಳಾಗಿ ನಿಲ್ಬೇಕು. ವಾಪಸ್ ಬರೋಲ್ಲ. ಇದು ಸಿಟ್ಟಿನ ಮಾತಲ್ಲ. ಬರ್ಕೊಳಿ ಬೇಕಾದ್ರೆ."

ಬರೆದುಕೊಳ್ಳಲಿಲ್ಲ. ಈಗ ಬರೆಯುತ್ತಿದ್ದೇನೆ.

ಅವಳು ಹೋದ ಮೇಲೆ ಸಿಸಾಯ್ ಅವರ ಕೋಣೆಗೆ ಹೋದೆ. ಸುಮ್ಮನೆ ನಿಯಮ ಏನೆಂದು ಕೇಳಿದೆ. ತಾಲ್ಲೂಕಿನ ಮರಗಳ ಅಧಿಕಾರಿ ತ್ಸಿಗೆ ಮೇಡಂ ಬಂದು ನೋಡಿ, ಇದು ನಾಡ ತಿದ್ ಎಂದು ಸಹಿ ಹಾಕಿದರೆ ಮಾತ್ರ ಹೆಸರು ತೆಗೆಯಬಹುದಂತೆ. "ಸುಮ್ಮನೆ ಅವರನ್ನ ಕರೆಸಿದ್ರೆ ಬಯ್ತಾರೆ" ಎಂದರು ಸಿಸಾಯ್. "ಏನಾದ್ರೂ ಗುರುತು ಹಿಡ್ಕೊಂಡು ಅರ್ಜಿ ಹಾಕು. ನಾಡ ತಿದ್ ಅಂದ್ರೆ ನೀಲಿ ಹಣ್ಣು ಬಿಡತ್ತೆ. ಒಂದು ಹಣ್ಣು ತೋರಿಸಪ್ಪಾ, ಸಾಕು."

ಮಿಯಾಝ್ಯ 22, ಭಾನುವಾರ

ಹಣ್ಣಿಲ್ಲ.

ಮೊದಲು ಚರ್ಚಿನ ತೋಪಿಗೆ ಹೋದೆ. ಅಲ್ಲಿರುವವೆಲ್ಲ ನಾಡ ತಿದ್‌ಗಳೇ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಕೆಲವು ಮರಗಳ ತುಂಬ ಮೆಣಸಿನ ಕಾಳಿನಷ್ಟು ಗಾತ್ರದ ನೀಲಿಗಪ್ಪು ಹಣ್ಣು. ಮೇಲೆ ಬೂದಿ ಸವರಿದಂತೆ ಬಿಳಿ ಪುಡಿ, ಉಗುರಿನಿಂದ ಒತ್ತಿದರೆ ಅಂಟು, ಮೂಗಿಗೆ ಕಟುವಾದ ವಾಸನೆ. ಅಲ್ಲಿಂದ ಅತ್ತೆಯ ಮರಕ್ಕೆ ಬಂದು ಬುಡದ ಸುತ್ತ ಕಸವೆಲ್ಲ ಕೆದಕಿದೆ. ತಲೆಯೆತ್ತಿ ಕತ್ತು ನೋಯುವವರೆಗೂ ನೋಡಿದೆ. ಒಂದೇ ಒಂದು ಹಣ್ಣು ಕಾಣಲಿಲ್ಲ. ತೊಗಟೆ ನೋಡಿ ಹೇಳೋಣವೆಂದರೆ ಕೈಗೆಟಕುವಷ್ಟು ಎತ್ತರದವರೆಗೂ ಹೊಗೆ ಹಿಡಿದು, ಬೆನ್ನು ಉಜ್ಜಿ, ಕತ್ತೆ ಕಟ್ಟಿ ನುಣುಪಾಗಿದೆ. ಕೆಳಗಿನ ಕೊಂಬೆಗಳೆಲ್ಲ ಎಂದೋ ಕಡಿದುಹೋಗಿವೆ.

ಗಿರಾಕಿಯೊಬ್ಬ ನನ್ನ ಹೆಸರು ಹಿಡಿದು, "ನಾನು ಹುಟ್ಟಿದಾಗಿಂದ ಈ ಮರ ಹಣ್ಣು ಬಿಟ್ಟಿದ್ದು ನೋಡಿಲ್ಲ ಅಸ್ರೆಸ್. ಬಂಜೆ ಮರ ಇದು" ಎಂದ.

ಅತ್ತೆ ಕಾಫಿ ಹುರಿಯುವುದನ್ನು ನಿಲ್ಲಿಸಿದರು. "ಆ ಮಾತು ಈ ಮರದ ಕೆಳಗೆ ಆಡ್ಬೇಡ. ಆಡೋದಿದ್ರೆ ಲೋಟ ಇಟ್ಟು ಎದ್ದೋಗು."

ಅವನು ಏಳಲಿಲ್ಲ, ಲೋಟಕ್ಕೆ ಬಾಯಿ ಹಚ್ಚಿದ. ನನಗೆ ಇವತ್ತೂ ಬೆರೆಕಾ ಕಾಫಿಯೇ.

ಮಿಯಾಝ್ಯ 25, ಬುಧವಾರ

ಅರ್ಜಿಯಲ್ಲಿ ಬರೆಯಲು ಏನೂ ಸಿಕ್ಕಿಲ್ಲ. ಮನೆಯಲ್ಲಿ ಇಲಿ ಸೇರಿಕೊಂಡಿವೆ. ಪಕ್ಕದ ಮನೆಯಾಕೆ ನಾಲ್ಕು ಇಂಜೆರಾ ಕೊಟ್ಟಳು, ಮುಖದಲ್ಲಿ ಕನಿಕರ ಬೇರೆ. ಕನಿಕರದ ಇಂಜೆರಾ ಹುಳಿ ಜಾಸ್ತಿ.

ಗಿನ್ಬೋತ್ 1, ಮಂಗಳವಾರ

ಲಿದೆತಾ, ಮರಿಯಮ್ಮ ಹುಟ್ಟಿದ ದಿನ. ಕೇರಿಯವರೆಲ್ಲ ಎಂದಿನಂತೆ ಬಯಲಿನಲ್ಲಿ, ಅತ್ತೆಯ ಮರದ ಕೆಳಗೆ ಸೇರಿ ಕಾಳು ಬೇಯಿಸಿ ಹಂಚಿ ತಿಂದೆವು. ಇದೇ ಕೊನೆಯ ಲಿದೆತಾ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು, ಯಾರೂ ಬಾಯಿಬಿಡಲಿಲ್ಲ. ಮೆರಿಗೇತಾ ಹಿರುಯ್ ಅವರನ್ನೂ ಕೈಹಿಡಿದು ಕರೆತಂದಿದ್ದರು. ಅವರಿಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ. ಅವರ ಹತ್ತಿರ ಅಕ್ಷರ ಕಲಿತ ನಾವೆಲ್ಲ ಅವರನ್ನು ಯೆನೆತಾ ಎಂದೇ ಕರೆಯುವುದು, ನಮ್ಮ ಗುರುಗಳು ಎಂದು.

ಪಕ್ಕದಲ್ಲಿ ಕೂತು ಕಾಳು ತಿನ್ನಿಸುತ್ತ ನನ್ನ ಕಷ್ಟ ಹೇಳಿಕೊಂಡೆ. "ಯೆನೆತಾ, ಇದು ನಾಡ ತಿದ್ ಆಗಿದ್ರೆ ಒಂದಾದ್ರೂ ಹಣ್ಣು ಬಿಡ್ಬೇಕಿತ್ತಲ್ಲ?"

"ಗಟ್ಟಿ ಕಾಯಿ ಏನಾದ್ರೂ ಬಿದ್ದಿದೆಯೇನೋ? ಗೋಲಿಯಷ್ಟಿರತ್ತೆ. ಒಣಗಿದ್ರೆ ಚಿಪ್ಪು ಚಿಪ್ಪಾಗಿ ಬಾಯಿ ಬಿಡತ್ತೆ."

"ಅದೂ ಇಲ್ಲ. ಕಸವೆಲ್ಲ ಕೆದಕಿ ನೋಡ್ದೆ."

"ಹಾಗಾದ್ರೆ ಇನ್ನೇನು ಬೇಕೋ ನಿಂಗೆ? ಫೆರೆಂಜ್ ತಿದ್‌ಗೆ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ. ಪ್ರತಿ ಮರಾನೂ ಕಾಯಿ ಬಿಡತ್ತೆ, ವರ್ಷಗಟ್ಟಲೆ ಕೊಂಬೇಲಿ ಇಟ್ಕೊಂಡಿರತ್ತೆ. ನಮ್ಮ ತಿದ್ ಹಾಗಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇದು ಗಂಡು ಮರ ಕಣೋ. ಗಂಡು ಮರದ ಹತ್ರ ಹೋಗಿ ಹಣ್ಣು ಕೇಳ್ತಿದೀಯಲ್ಲ ನೀನು."

"ಹಣ್ಣು ಯಾಕಿಲ್ಲ ಅಂತ ಕೇಳೋಕೆ ಮುಂಚೆ" ಎಂದರು ಅತ್ತೆ, ಕಾಳಿನ ತಟ್ಟೆಯಿಂದ ತಲೆಯೆತ್ತದೆ, "ಮರ ಗಂಡೋ ಹೆಣ್ಣೋ ಅಂತ ನೋಡ್ಬೇಕು. ಈ ಊರಲ್ಲಿ ಯಾರೂ ನೋಡೋಲ್ಲ."

ಯಾಕೋ ವುಬಿತ್ ಎದ್ದು ನೀರು ತರಲು ಹೋದಳು, ಕೊಡದಲ್ಲಿ ನೀರು ಇತ್ತು. ನಾನು ಕಾಳು ತಿಂದೆ. ಉಪ್ಪು ಸರಿಯಾಗಿತ್ತು.

ಗಿನ್ಬೋತ್ 3, ಗುರುವಾರ

ಕಚೇರಿಗೆ ಹೋಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಚರ್ಚಿನ ಏಣಿ ತಂದು ಅತ್ತೆಯ ಮರಕ್ಕೆ ಒರಗಿಸಿ ಹತ್ತಿದೆ. ಕೆಳಗೆ ಏಣಿ ಹಿಡಿದವಳು ವುಬಿತ್. "ಬಿದ್ರೆ ಪಟ್ಟಿಗೆ ಸೇರಿಸ್ಕೊಳೋಕೆ ಯಾರೂ ಇರೋಲ್ಲ, ಜೋಪಾನ" ಎಂದಳು. ಇಪ್ಪತ್ತೈದು ದಿನದಲ್ಲಿ ಅವಳು ನನಗೆ ಜೋಪಾನ ಎಂದದ್ದು ಇದೇ ಮೊದಲು.

ನಾನು ಕಂಡದ್ದು:

ಹೊಗೆ ತಾಕದ ಎತ್ತರದಲ್ಲಿ ತೊಗಟೆ ಕೆಂಪುಕಂದು. ಉದ್ದುದ್ದ ಪಟ್ಟಿಯಾಗಿ, ಹಳೆಯ ಪುಸ್ತಕದ ಅಂಚು ಕಿತ್ತುಬರುವ ಹಾಗೆ ತೆಳ್ಳಗೆ ಸುಲಿಯುತ್ತದೆ. ಎಲೆ ಎಂದರೆ ಎಲೆಯಲ್ಲ, ಮೀನಿನ ಪೊರೆಯಂಥ ಸಣ್ಣ ಹೊಪ್ಪಳಗಳು ಕಡ್ಡಿಗೆ ಒತ್ತಿಕೊಂಡಿರುತ್ತವೆ. ಇದು ಎರಡು ಜಾತಿಯಲ್ಲೂ ಒಂದೇ, ಇದರಿಂದ ಏನೂ ತಿಳಿಯುವುದಿಲ್ಲ. ಆದರೆ ನೆರಳಿನ ಒಳಕೊಂಬೆಗೆ ಕೈ ಹಾಕಿದಾಗ ಚುಚ್ಚಿತು. ಅಲ್ಲಿ ಎಲೆಗಳು ಸೂಜಿಯ ಹಾಗೆ ಎದ್ದು ನಿಂತಿದ್ದವು, ಮೂರು ಮೂರರ ಗುಂಪು. ಬೆರಳಿನಿಂದ ರಕ್ತ ಬಂತು. ಕಡ್ಡಿಗಳ ತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಹಳದಿ ಮೊಗ್ಗು, ತಟ್ಟಿದರೆ ಪುಡಿ ಹಾರುತ್ತದೆ. ಕನ್ನಡಕದ ಮೇಲೆಲ್ಲ ಬಿತ್ತು.

ಅಲ್ಲಿಂದ ಶಾಲೆಯ ಬೇಲಿಗೆ ಹೋದೆ. ಅಲ್ಲಿರುವುದು ಅಪ್ಪಟ ಫೆರೆಂಜ್ ತಿದ್. ಒಳಗೂ ಹೊರಗೂ ಕೈಯಾಡಿಸಿದೆ, ಎಲ್ಲೂ ಚುಚ್ಚಲಿಲ್ಲ. ಒಂದೊಂದು ಕೊಂಬೆಗೂ ಗಟ್ಟಿ ಕಾಯಿ ಜೋತು ಬಿದ್ದಿತ್ತು. ಪ್ರತಿದಿನ ಆ ಬೇಲಿಯ ಪಕ್ಕದಲ್ಲೇ ಕಚೇರಿಗೆ ಹೋಗುತ್ತೇನೆ. ಒಂದು ದಿನವೂ ನೋಡಿರಲಿಲ್ಲ.

ಕೂತು ಮೂರು ಪುಟದ ಅರ್ಜಿ ಬರೆದು ಬಸ್ಸಿನಲ್ಲಿ ತಾಲ್ಲೂಕಿಗೆ ಕಳಿಸಿದೆ. ಬೆರಳಿನ ಗಾಯಕ್ಕೆ ವುಬಿತ್ ಕಾಫಿಪುಡಿ ಒತ್ತಿದಳು.

ಗಿನ್ಬೋತ್ 8, ಮಂಗಳವಾರ

ತ್ಸಿಗೆ ಮೇಡಂ ಹದಿನಾಲ್ಕಕ್ಕೆ ಬರುತ್ತಾರಂತೆ, ಕಾಗದ ಬಂತು. ಸಂತೋಷದ ಸುದ್ದಿ ಎಂದು ಯೆನೆತಾ ಮನೆಗೆ ಓಡಿದೆ. ಅವರು ಕೇಳಿ ಖುಷಿಪಟ್ಟು, ಆಮೇಲೆ ಅಂದರು: "ಒಂದು ಮಾತು ಹೇಳು ಅಸ್ರೆಸ್. ಇದು ಫೆರೆಂಜ್ ತಿದ್ ಅಂತ ಪಟ್ಟೀಲಿ ಹೇಗೆ ಬಂತು?"

"ನಿಮ್ಮ ಪುಸ್ತಕದಿಂದಲೇ ಯೆನೆತಾ."

"ನಾನು ಹಾಗೆ ಬರೆದಿಲ್ಲವಲ್ಲ. ಫೆರೆಂಜು ತಿದ್ ಅಂತ ಬರೆದೆ, ನಂಗೆ ನೆನಪಿದೆ. ಆ ದಾರಿ ಅಳೆಯೋನ ಹೇಸರಗತ್ತೆ ಅಲ್ಲಿ ಸತ್ತುಹೋಯ್ತು. ಎರಡು ದಿನ ಊಟ ಬಿಟ್ಟು ಆ ಮರದ ಕೆಳಗೆ ಕೂತು ಅತ್ತನಂತೆ ಪುಣ್ಯಾತ್ಮ. ಕತ್ತೆಗೆ ಅಳೋ ಮನುಷ್ಯನ್ನ ನಮ್ಮೋರು ಅಲ್ಲೀವರೆಗೂ ನೋಡಿರಲಿಲ್ಲ. ಅದಕ್ಕೇ ಆ ಫೆರೆಂಜಿನ ತಿದ್ ಅಂತ ಹೆಸರು ಬಿತ್ತು. ಮರ ಅವನಿಗಿಂತ ನೂರು ವರ್ಷ ಹಿರೀದು."

ಕಚೇರಿಗೆ ಬಂದು ಹಳೆಯ ಪುಸ್ತಕ ಕಿಟಕಿಯ ಬೆಳಕಿಗೆ ಹಿಡಿದೆ. ನೊಣದ ಹಿಕ್ಕೆಯನ್ನು ಉಗುರಿನಿಂದ ಕೆರೆದೆ. ಹೋಗಲಿಲ್ಲ. ಉಗುಳು ಹಚ್ಚಿ ಉಜ್ಜಿದೆ. ಮಸಿಯಾಗಿ ಹರಡಿತು.

ಹಿಕ್ಕೆಯಲ್ಲ, ಅದು ಗೀರು. ಅಕ್ಷರದ ಬಲಗಡೆಯ ಉಕಾರದ ಕೊಂಬು. ಕೊಂಬು ಇಲ್ಲದಿದ್ದರೆ ಪರದೇಶದ ಜಾತಿಯ ಮರ. ಕೊಂಬು ಇದ್ದರೆ ಫೆರೆಂಜು, ಅಂದರೆ ಆ ಒಬ್ಬ ಪರದೇಶದವನ ಮರ. ಅತ್ತೆಯ ಹಲ್ಲು ಜಾರಿರಲಿಲ್ಲ.

ಗಿನ್ಬೋತ್ 9, ಬುಧವಾರ

ಬರೆಯಲು ಏನೂ ಇಲ್ಲ.

ಗಿನ್ಬೋತ್ 11, ಶುಕ್ರವಾರ

ಯೋಚನೆ ಮಾಡಿದೆ. ಪುಸ್ತಕ ನನ್ನ ಬೀರುವಿನಲ್ಲಿದೆ. ಅದರಲ್ಲಿ ಏನಿದೆ ಎಂದು ಬಲ್ಲ ಇನ್ನೊಬ್ಬರಿಗೆ ಕಣ್ಣಿಲ್ಲ. ತ್ಸಿಗೆ ಮೇಡಂ ಬಂದು ಸಹಿ ಹಾಕಿದರೆ ಮರ ಉಳಿಯುತ್ತದೆ, ಅರ್ಜಿ ಬರೆದವನು ನಾನೇ, ಊರವರು ಹೊಗಳುತ್ತಾರೆ. ವುಬಿತ್ ಮನೆಗೆ ಬರುತ್ತಾಳೆ. ಮರವೂ ಉಳಿಯಿತು, ಮಾನವೂ ಉಳಿಯಿತು. ಸತ್ಯ ಹೇಳಿ ಯಾರಿಗೆ ಏನು ಲಾಭ?

ಹೀಗೆ ಬರೆದು ಓದಿದರೆ ಲೆಕ್ಕ ಸರಿಯಾಗಿಯೇ ಇದೆ. ಆದರೂ ಊಟ ಸೇರುತ್ತಿಲ್ಲ.

ಗಿನ್ಬೋತ್ 14, ಸೋಮವಾರ

ಎಲ್ಲವನ್ನೂ ಬರೆಯಬೇಕು.

ತ್ಸಿಗೆ ಮೇಡಂ ಬೆಳಗಿನ ಬಸ್ಸಿಗೆ ಬಂದರು. ಐವತ್ತರ ಹೆಂಗಸು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಟೊಳ್ಳು ಬೈರಿಗೆ. ಅರ್ಧ ಊರು ಮರದ ಕೆಳಗೆ ನೆರೆದಿತ್ತು. ಯೆನೆತಾ ಅತ್ತೆಯ ಪಕ್ಕದಲ್ಲಿ ಮಣೆಯ ಮೇಲೆ ಕೂತಿದ್ದರು. ಮೇಡಂ ನನ್ನ ಕಡ್ಡಿಗಳನ್ನು ನೋಡಿದರು, ಸೂಜಿ ಎಲೆ ಮುಟ್ಟಿದರು, ಹಳದಿ ಪುಡಿ ಊದಿದರು, ನೆಲದಲ್ಲಿ ಕಾಯಿ ಹುಡುಕಿದರು. ಕೊನೆಗೆ ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ ತಿರುಗಿಸಿ, ಪೆನ್ಸಿಲಿನಷ್ಟು ಸಣ್ಣ ಮರದ ಕಡ್ಡಿಯೊಂದನ್ನು ಎಳೆದು ತೆಗೆದರು. ಹೊರಗೆ ಬಿಳಿ, ಒಳಗೆ ಹೋದಂತೆ ಕೆಂಪು, ಹುರಿದ ಮೆಣಸಿನಕಾಯಿಯ ಕೆಂಪು. ಅದನ್ನು ಯೆನೆತಾ ಮೂಗಿನ ಹತ್ತಿರ ಹಿಡಿದರು.

"ಶಾಲೇಲಿ ಪೆನ್ಸಿಲ್ ಚೂಪು ಮಾಡಿದ ವಾಸನೆ" ಎಂದರು ಯೆನೆತಾ.

"ಹೌದಪ್ಪಾಜಿ, ಪೆನ್ಸಿಲ್ ಮಾಡೋದೇ ಇದರಲ್ಲಿ. ನಮ್ಮ ಪುಸ್ತಕದಲ್ಲಿ ಇದಕ್ಕೆ ಜುನಿಪರ್ ಅಂತಾರೆ, ಆ ಇನ್ನೊಂದಕ್ಕೆ ಸೈಪ್ರೆಸ್. ಅದರ ಮೈ ಒಳಗೂ ಇಷ್ಟು ಕೆಂಪಿರೋಲ್ಲ. ಇದು ನಾಡ ತಿದ್. ಗಂಡು. ಇನ್ನೂರು ವರ್ಷ ಇರಬೇಕು" ಎಂದು ಮೇಡಂ ಅಲ್ಲೇ ಸಹಿ ಹಾಕಿದರು. ಹೆಂಗಸರು ಸಂತೋಷಕ್ಕೆ ನಾಲಿಗೆ ಹೊರಳಿಸಿ ಉಲಿದರು. ಅತ್ತೆ ಮರಕ್ಕೆ ಹಣೆ ಹಚ್ಚಿ ನಿಂತರು.

ಅಷ್ಟಕ್ಕೇ ಮುಗಿಯಬೇಕಿತ್ತು. ಸಿಸಾಯ್ ಕೆಮ್ಮಿ, "ಮೇಡಂ, ನಮ್ಮ ಗುಮಾಸ್ತನ ತಪ್ಪೇನೂ ಇಲ್ಲ" ಎಂದರು. "ಅವನು ಹಳೇ ಪುಸ್ತಕ ನಕಲು ಮಾಡಿದ್ದು. ನಮ್ಮ ಮೆರಿಗೇತಾಗೆ ಆಗಲೇ ಕಣ್ಣು ಮಂಜಾಗಿತ್ತೂಂತ ಕಾಣತ್ತೆ. ವಯಸ್ಸಾದೋರು, ತಪ್ಪು ಬರೆದುಬಿಟ್ಟಿದಾರೆ."

ಕೆಲವರು ನಕ್ಕರು. ಯೆನೆತಾ ಕಾಣದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದರು. ಇಂಥದೇ ನೋಟವನ್ನು ಈಚೆಗೆ ಎಲ್ಲೋ, ನಗುವವರ ನಡುವೆ, ಕಂಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ನೆನಪಾಗುವ ಮೊದಲೇ ನನ್ನ ಬಾಯಿ ತೆರೆದಿತ್ತು.

"ತಪ್ಪು ನನ್ನದು. ಯೆನೆತಾ ಸರಿಯಾಗೇ ಬರೆದಿದಾರೆ. ಅಕ್ಷರಕ್ಕೆ ಕೊಂಬಿತ್ತು. ನಾನು ನೊಣದ ಹಿಕ್ಕೆ ಅಂದ್ಕೊಂಡು ಬಿಟ್ಟೆ. ಎದ್ದು ಬಂದು ಮರ ನೋಡ್ಲಿಲ್ಲ. ಯಾರನ್ನೂ ಕೇಳ್ಲಿಲ್ಲ."

ಅತ್ತೆ ಹಣೆಯನ್ನು ಮರದಿಂದ ತೆಗೆದು ನನ್ನನ್ನು ನೋಡಿದರು. "ಅಂದ್ರೆ, ಅಕ್ಷರದ ಕೊಂಬು ಕಿತ್ತು ನಿಮ್ಮ ತಲೇಗೆ ಇಟ್ಕೊಂಡಿದ್ರಿ ಅನ್ನಿ ಅಳಿಯಂದ್ರೇ."

ಮರದ ಮೇಲಿನ ಹಕ್ಕಿಗಳು ಹಾರುವಷ್ಟು ನಕ್ಕರು. ತ್ಸಿಗೆ ಮೇಡಂ ಬೈರಿಗೆ ಒರೆಸುತ್ತ ನಕ್ಕರು, ಸಿಸಾಯ್ ನಕ್ಕರು, ಯೆನೆತಾ ಕೆಮ್ಮು ಬರುವವರೆಗೂ ನಕ್ಕರು. ನಾನೂ ನಕ್ಕೆ. ನಕ್ಕರೆ ಸತ್ತುಹೋಗುತ್ತೇನೆ ಎಂದುಕೊಂಡಿದ್ದೆ, ಸಾಯಲಿಲ್ಲ. ಎದೆಯ ಮೇಲಿದ್ದ ಬೀಸುಗಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು.

ರಿಜಿಸ್ಟರು ತೆರೆದು ಹದಿನೇಳನೆಯ ಸಾಲಿಗೆ ಕಾಟು ಹಾಕಿ, ಪಕ್ಕದಲ್ಲಿ ನನ್ನ ಸಹಿ ಮಾಡಿದೆ. ಕಾಟು ಸ್ವಲ್ಪ ಸೊಟ್ಟಗಾಗಿದೆ. ಇರಲಿ.

ಗಿನ್ಬೋತ್ 16, ಬುಧವಾರ

ನಿನ್ನೆಯಿಂದ ಊಟೆಯ ಹತ್ತಿರ ಕೊಡಲಿ ಸದ್ದು. ಇಪ್ಪತ್ತೆರಡು ಮರ. ಊರ ಮಕ್ಕಳು ನನ್ನನ್ನು ನೊಣದ ಗುಮಾಸ್ತ ಎಂದು ಕರೆಯಲು ಶುರುಮಾಡಿದ್ದಾರೆ. ಹೆಸರು ಚೆನ್ನಾಗಿಯೇ ಇದೆ.

ಸಂಜೆ ಅತ್ತೆಯ ಮರದ ಕೆಳಗೆ ಕೂತಿದ್ದೆ. ಜನ ಹೆಚ್ಚಿದ್ದರು, ಲೋಟ ತೊಳೆಯುವವರಿರಲಿಲ್ಲ, ನಾನೇ ತೊಳೆದೆ. ಕಾಫಿ ಬಂತು. ಕುಡಿದ ಮೇಲೆ ಗೊತ್ತಾಯಿತು, ಅಬೋಲ್. ಅತ್ತೆ ಆಗಲೇ ಮುಂದಿನ ಲೋಟ ತುಂಬುತ್ತಿದ್ದರು.

ಫೆಂತಾಯೆ ಅಕ್ಕ ಆ ದಾರಿಯಲ್ಲೇ ಬಂದಳು. ನನ್ನ ಕೈಯಲ್ಲಿ ಒದ್ದೆ ಲೋಟ ನೋಡಿ, "ಏನೋ ತಮ್ಮಾ, ಅತ್ತೆ ಮನೆ ಆಳಾಗ್ಬಿಟ್ಯಾ? ಮಗು ಇಲ್ದಿದ್ರೂ ಮನೆಗೆಲಸ ಕಲಿಸಿದಾಳೆ ನಿನ್ನ ಹೆಂಡ್ತಿ" ಎಂದಳು.

"ಅಕ್ಕಾ, ಫಾಸಿಕಾ ದಿನ ನೀನು ಆಡಿದ ಮಾತಿಗೆ ಅವತ್ತೇ ಉತ್ತರ ಕೊಡ್ಬೇಕಿತ್ತು. ಕೊಡ್ಲಿಲ್ಲ, ತಪ್ಪು ನನ್ನದು. ಇನ್ನು ಅವಳ ಬಗ್ಗೆ ಅಂಥ ಮಾತು ನನ್ನ ಮುಂದೆ ಆಡ್ಬೇಡ. ಆಡೋದಿದ್ರೆ ನಮ್ಮ ಮನೇಗೆ ಬರ್ಬೇಡ" ಎಂದೆ.

ಅಕ್ಕ ಹೊದಿಕೆ ಕೊಡವಿಕೊಂಡು ಹೋದಳು. ತಿರುಗಿ ನೋಡಿದರೆ ಒಲೆಯ ಹತ್ತಿರ ವುಬಿತ್ ಕಾಫಿ ಹುರಿಯುವ ಬಾಣಲೆ ಹಿಡಿದು ನಿಂತಿದ್ದಳು.

"ಕಾಳು ಸೀದುಹೋಗತ್ತೆ" ಎಂದೆ.

"ಹೋಗ್ಲಿ ಬಿಡಿ" ಎಂದಳು.

ಗಿನ್ಬೋತ್ 20, ಭಾನುವಾರ

ವುಬಿತ್ ಮನೆಗೆ ಬಂದಳು. ಮಡಕೆಯ ತಳ ನೋಡಿ ತಲೆ ಚಚ್ಚಿಕೊಂಡಳು. ಇಲಿಗಳ ಕಾಲ ಮುಗಿಯಿತು. ಸಂಜೆ ಸಣ್ಣ ಮಳೆ ಬಂತು, ಬಾಗಿಲಲ್ಲಿ ಇಬ್ಬರೂ ಕೂತು ನೋಡಿದೆವು. ಬುಧವಾರ ಆರೋಗ್ಯ ಕೇಂದ್ರಕ್ಕೆ ಹೋಗಬೇಕಂತೆ.

"ನಾನೂ ಬರ್ತೀನಿ" ಎಂದೆ.

"ಕಚೇರಿ?"

"ಮೇಜು ಎಲ್ಲೂ ಓಡಿಹೋಗೋಲ್ಲ."

ಗಿನ್ಬೋತ್ 23, ಬುಧವಾರ

ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಮರಗಳನ್ನು ತೋರಿಸಿ ಇದು ನಾಡಿನದು, ಇದು ಪರದೇಶದ್ದು, ಇದು ಹೆಣ್ಣು ಎಂದು ಹೇಳುತ್ತ ಹೋದೆನಂತೆ. ವುಬಿತ್ ಮೂರು ಸಲ ಆಕಳಿಸಿದಳು.

ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಂತೂ ಬಂದ್ರಲ್ಲಪ್ಪಾ" ಎಂದಳು. ಪರೀಕ್ಷೆಗೆ ಮಾದರಿ ಕೊಟ್ಟಾಯಿತು. ಫಲಿತಾಂಶಕ್ಕೆ ಎರಡು ವಾರ. ಏನು ಬಂದರೂ ಇಬ್ಬರೂ ಬಂದು ತೆಗೆದುಕೊಳ್ಳಬೇಕಂತೆ. ಬರುತ್ತೇವೆ ಎಂದೆ.

ವುಬಿತ್‌ಳ ಹಳೆಯ ಚೀಟಿಯಲ್ಲಿ ಜಾಗವಿರಲಿಲ್ಲ. ನರ್ಸಮ್ಮ ಹೊಸ ಚೀಟಿ ತೆಗೆದು ಮುಂದೆ ತಳ್ಳಿದಳು. "ಹೆಸರು ಬರೀರಿ."

"ನೀವೇ ಬರೀರಿ. ಅಕ್ಷರ ಚೆನ್ನಾಗಿದೆ" ಎಂದಳು ವುಬಿತ್.

ಮೊದಲು ನನ್ನ ಹೆಸರು ಬರೆದೆ, ಅದರ ಕೆಳಗೆ ಅವಳದು. ವುಬಿತ್ ಬಗ್ಗಿ, ಒಂದೊಂದು ಗೀರಿನ ಮೇಲೂ ಬೆರಳಿಟ್ಟು ನೋಡಿ, "ಸರಿ ಇದೆ" ಎಂದಳು.